ಶಾಂತಿಮೊಗರಿನಲ್ಲಿ ಶಾಂತಿ ಉಂಟಾ?

ಕಳೆದ ತಿಂಗಳು ನಮ್ಮ ಸೆಮಿನಾರ್ ಹಾಲ್‌ನಲ್ಲಿ ಒಂದು ಮೋಟಿವೇಶನ್ ಕಾರ್ಯಕ್ರಮ ಆಯಿತಲ್ಲ, ನೆನಪಿರಬಹುದು. ಅಟೆಂಡೆನ್ಸ್ ಉಂಟು ಅಂತ ಹೇಳಿದ್ದರಿಂದ ಎಲ್ಲರೂ ಇದ್ದೆವು. ಬಂದ ಅತಿಥಿಗಳು ಪರದೆಯ ಮೇಲೆ ಒಂದು ನದಿಯ ಚಿತ್ರ ಹಾಕಿ, "ನದಿಯನ್ನು ನೋಡಿ ಕಲಿಯಿರಿ, ಅದು ಎಲ್ಲೂ ನಿಲ್ಲುವುದಿಲ್ಲ, ನೀವೂ ನಿಲ್ಲಬೇಡಿ" ಎಂದರು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಆಮೇಲೆ ಪಕ್ಕದಲ್ಲಿದ್ದ ಗೆಳೆಯನ ಕಿವಿಯಲ್ಲಿ, "ನಮ್ಮೂರಲ್ಲಿ ಹೊಳೆ ನಮಗೆ ಕಲಿಸಿದ್ದೇ ನಿಲ್ಲೋದನ್ನ ಮಾರಾಯ" ಅಂದೆ. ಅವನು ಹುಬ್ಬಳ್ಳಿಯವ, ಅವನಿಗೆ ತಲೆಬುಡ ಅರ್ಥ ಆಗಲಿಲ್ಲ. ವಿವರಿಸಲು ಹೋಗಿ ಕ್ಯಾಂಟೀನಿನಲ್ಲಿ ಒಂದು ಗಂಟೆ ಕಳೆಯಿತು. ಕೊನೆಗೆ ಅವನೇ, "ಇದನ್ನ ಮ್ಯಾಗಝೀನ್‌ಗೆ ಬರಿಯೋ, ನನ್ನ ತಲೆ ಯಾಕ ತಿಂತಿ" ಅಂದ. ಹಾಗಾಗಿ ಇದು.

ನಾನು ಆಲಂಕಾರಿನವನು. ಉಪ್ಪಿನಂಗಡಿಯಲ್ಲಿ ಇಳಿದು ಕಡಬ, ಸುಬ್ರಹ್ಮಣ್ಯ ಕಡೆಯ ಬಸ್ಸು ಹತ್ತಿದರೆ ಆತೂರು ದಾಟಿದ ಮೇಲೆ ಸಿಗ್ತದೆ. ಮೊದಲು ಪುತ್ತೂರು ತಾಲೂಕಿನಲ್ಲಿತ್ತು, ಈಗ ಕಡಬ ತಾಲೂಕು. ಒಂದು ಸಣ್ಣ ಪೇಟೆ, ಶರವೂರಿನ ದುರ್ಗಾಪರಮೇಶ್ವರಿ ದೇವಸ್ಥಾನ, ಉಳಿದದ್ದೆಲ್ಲ ಅಡಿಕೆ ತೋಟ, ರಬ್ಬರು, ಗುಡ್ಡ. ಒಂದು ಬದಿಯಲ್ಲಿ ಕುಮಾರಧಾರ. ನೀವೆಲ್ಲ ಟ್ರೆಕ್ಕಿಂಗ್ ಹೋಗುವ ಕುಮಾರಪರ್ವತದ ಕಡೆಯಿಂದ ಇಳಿದು ಬರುವ ನೀರೇ ಅದು. ಮುಂದೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರ್ತದೆ. ನಮ್ಮಲ್ಲಿಂದ ಹೊಳೆ ದಾಟಿ ಕುದ್ಮಾರು, ಸವಣೂರು ಕಡೆ ಹೋಗುವ ಜಾಗದ ಹೆಸರು ಶಾಂತಿಮೊಗರು. ಈಗ ಅಲ್ಲಿ ಸೇತುವೆ ಉಂಟು, ಅಜ್ಜಿಯ ಕಾಲದಲ್ಲಿ ದೋಣಿ. ಹೆಸರು ಕೇಳಿದವರೆಲ್ಲ "ವಾವ್, ಎಷ್ಟು ಪೀಸ್‌ಫುಲ್ ಆಗಿರಬಹುದು" ಅಂತಾರೆ. ಜುಲೈ ತಿಂಗಳಲ್ಲಿ ಬಂದು ಆ ಸೇತುವೆ ಮೇಲೆ ಐದು ನಿಮಿಷ ನಿಲ್ಲಿ ಅಂತ ನಾನು ಹೇಳ್ತೇನೆ. ಕೆಂಪು ನೀರು, ಬೇರು ಸಮೇತ ತೇಲಿ ಬರುವ ಮರಗಳು, ಪಕ್ಕದವರ ಮಾತು ಕೇಳದಷ್ಟು ಸದ್ದು. ಶಾಂತಿ ಎಂತ ಸಾವು.

ಆದರೆ ನಾನು ಹೇಳಬೇಕಾದ್ದು ಇನ್ನೊಂದು ಸೇತುವೆಯ ವಿಷಯ. ಆಲಂಕಾರಿನಿಂದ ಕಡಬಕ್ಕೆ ಹೋಗುವ ದಾರಿಯಲ್ಲಿ ಹೊಸಮಠ ಅಂತ ಉಂಟು. ಅಲ್ಲಿ ಗುಂಡ್ಯ ಹೊಳೆಗೆ ಮುಳುಗು ಸೇತುವೆ ಇತ್ತು. ಸಿವಿಲ್‌ನವರಿಗೆ ಗೊತ್ತಿರ್ತದೆ, ಉಳಿದವರಿಗಾಗಿ ಎರಡು ಮಾತು. ಮುಳುಗು ಸೇತುವೆ ಅಂದರೆ ಲೆಕ್ಕ ತಪ್ಪಿ ಮುಳುಗುವ ಸೇತುವೆ ಅಂತ ತಿಳಿಯಬೇಡಿ. ಅದನ್ನು ಕಟ್ಟುವಾಗಲೇ ಮುಳುಗ್ತದೆ ಅಂತ ಬರೆದಿಟ್ಟು ಕಟ್ಟಿರ್ತಾರೆ. ದೊಡ್ಡ ನೆರೆಯ ಮಟ್ಟಕ್ಕಿಂತ ಎತ್ತರದಲ್ಲಿ ಸೇತುವೆ ಕಟ್ಟಬೇಕಾದರೆ ಕಂಬವೂ ಎತ್ತರ, ಎರಡೂ ಬದಿಯ ಏರುದಾರಿಯೂ ಉದ್ದ, ಖರ್ಚು ವಿಪರೀತ. ಅಷ್ಟು ದುಡ್ಡಿಲ್ಲದ ಕಾಲದಲ್ಲಿ ಎಂಜಿನಿಯರುಗಳು ಬೇರೆ ದಾರಿ ಹಿಡಿದರು. ಮಳೆಗಾಲದ ಕೆಲವು ದಿನ ನೀರು ಸೇತುವೆಯ ಮೇಲೆಯೇ ಹೋಗಲಿ, ಆ ಹೊತ್ತಿಗೆ ಜನ ಕಾಯಲಿ, ನೀರು ಇಳಿದ ಮೇಲೆ ಸೇತುವೆ ಇದ್ದಲ್ಲೇ ಇರಬೇಕು, ಅಷ್ಟೇ. ಅದಕ್ಕೆ ತಕ್ಕ ಹಾಗೆ ಮೇಲಕ್ಕೆ ಎತ್ತುವ ನೀರಿನ ಒತ್ತಡ ತಡೆಯಬೇಕು, ಬಂದು ಬಡಿಯುವ ಮರದ ದಿಮ್ಮಿ ತಡೆಯಬೇಕು, ಕಸ ಸಿಕ್ಕಿಹಾಕಿಕೊಳ್ಳುವ ಎತ್ತರದ ತಡೆಗೋಡೆ ಇರಬಾರದು. ಹೊಳೆಗೆ ವರ್ಷಕ್ಕೆ ಇಷ್ಟು ದಿನ ದಾರಿ ಬಿಟ್ಟುಕೊಟ್ಟು, ಉಳಿದ ದಿನ ನಾವು ಇಟ್ಟುಕೊಳ್ಳುವ ಒಪ್ಪಂದ ಅದು.

ನಾನು ಸಣ್ಣವನಿರುವಾಗ ಕಡಬಕ್ಕೆ ಹೊರಟು ಹೊಸಮಠದಲ್ಲಿ ಕಾದದ್ದು ಎಷ್ಟು ಸಲವೋ. ಈಚೆ ದಡದಲ್ಲಿ ಎರಡು ಬಸ್ಸು, ಆಚೆ ದಡದಲ್ಲಿ ಎರಡು ಬಸ್ಸು, ನಡುವೆ ನೀರು. ಬಸ್ಸಿನಿಂದ ಇಳಿದವರು ಮೊದಲ ಹತ್ತು ನಿಮಿಷ ಚಡಪಡಿಸ್ತಿದ್ದರು. ಗಡಿಯಾರ ನೋಡುವುದು, ಕಂಡಕ್ಟರನ ಹತ್ತಿರ ಕೇಳುವುದು, ಕಂಡಕ್ಟರ್ ಹೊಳೆಯ ಕಡೆ ಕೈ ತೋರಿಸುವುದು. ಸ್ವಲ್ಪ ಹೊತ್ತಾದ ಮೇಲೆ ಎಲ್ಲರೂ ಒಂಥರ ಸಡಿಲ ಆಗುತ್ತಿದ್ದರು. ಮದುವೆಗೆ ಹೊರಟವರು ಸೀರೆಯ ಅಂಚು ಮೇಲೆ ಕಟ್ಟಿ ಅಂಗಡಿಯ ಜಗಲಿಯಲ್ಲಿ ಕೂತು ಎಲೆಯಡಿಕೆ ಬಿಡಿಸುತ್ತಿದ್ದರು. ಯಾರದ್ದೋ ದನ ಕರು ಹಾಕಿದ್ದು, ಯಾರದ್ದೋ ತೋಟದಲ್ಲಿ ಕೊಳೆ ಬಂದದ್ದು, ಅಡಿಕೆಗೆ ರೇಟು ಎಷ್ಟಾಯಿತು, ಇದೇ ಮಾತು. ಒಬ್ಬರು ದಡದಲ್ಲಿ ಒಂದು ಕೋಲು ಊರಿ ಬರುತ್ತಿದ್ದರು, ನೀರು ಏರ್ತಾ ಉಂಟೋ ಇಳೀತಾ ಉಂಟೋ ನೋಡ್ಲಿಕ್ಕೆ. ಅಷ್ಟು ಜನರಲ್ಲಿ ಯಾರಿಗೂ "ನಾನು ಹಿಂದೆ ಬಿದ್ದೆ" ಅನ್ನುವ ಭಾವನೆ ಇರಲಿಲ್ಲ. ಯಾಕೆಂದರೆ ಎಲ್ಲರೂ ಒಟ್ಟಿಗೇ ನಿಂತಿದ್ದರು.

ಇದನ್ನು ಓದಿ "ಆಹಾ, ಆ ಕಾಲವೇ ಚೆನ್ನ" ಅನ್ನಬೇಡಿ. ಅಲ್ಲಿ ಆಸ್ಪತ್ರೆಗೆ ಹೊರಟವರೂ ಕಾದಿದ್ದಾರೆ. ನೀರು ಇರುವಾಗಲೇ ದಾಟ್ಲಿಕ್ಕೆ ಹೋಗಿ ಕೊಚ್ಚಿ ಹೋದವರೂ ಇದ್ದಾರೆ. ಈಗ ಪಕ್ಕದಲ್ಲೇ ಎತ್ತರದ ಹೊಸ ಸೇತುವೆ ಬಂದಿದೆ, ಬಸ್ಸು ನಿಲ್ಲದೆ ಹೋಗ್ತದೆ, ಬಂದದ್ದು ಒಳ್ಳೇದೇ ಆಯಿತು. ನಾನು ಕಲಿಯುತ್ತಿರುವುದೇ ಇಂಥದ್ದನ್ನು ಕಟ್ಟುವುದನ್ನು. ನನಗೆ ಹಳೆಯ ಸೇತುವೆ ವಾಪಸ್ ಬೇಡ. ಆ ದಡದಲ್ಲಿ ಕೂತವರ ಮುಖ ಮಾತ್ರ ಆಗಾಗ ನೆನಪಾಗ್ತದೆ, ಅದರಲ್ಲೂ ಹಾಸ್ಟೆಲಿನಲ್ಲಿ ರಾತ್ರಿ ಎರಡು ಗಂಟೆಗೆ.

ಈಗ ಸ್ವಲ್ಪ ನನ್ನ ಕತೆ. ನಾನು ಮೂರನೇ ಸೆಮ್‌ನಲ್ಲಿರುವಾಗ ಇಂಟರ್ನಲ್ಸ್ ಎಲ್ಲ ಮಣ್ಣು ಮುಕ್ಕಿತ್ತು. ತಲೆ ಕೆಟ್ಟುಹೋಗಿದೆ, ಸ್ವಲ್ಪ ಶಾಂತಿ ಬೇಕು ಅಂತ ನಾವು ಆರು ಜನ ಕುಮಾರಪರ್ವತಕ್ಕೆ ಹೊರಟೆವು. 2024ರ ಜನವರಿ, ಗಣರಾಜ್ಯೋತ್ಸವದ ಉದ್ದ ವೀಕೆಂಡು. ಆ ವೀಕೆಂಡಿನ ವಿಡಿಯೊ ನೀವು ನೋಡಿರಬಹುದು, ಊರೆಲ್ಲ ಹರಿದಾಡಿತ್ತು. ಗಿರಿಗದ್ದೆಯಲ್ಲಿ ತಿರುಪತಿಯ ಹಾಗೆ ಕ್ಯೂ. 1712 ಮೀಟರ್ ಎತ್ತರದ ಬೆಟ್ಟಕ್ಕೆ ಶಾಂತಿ ಹುಡುಕಿಕೊಂಡು ನಮ್ಮ ಹಾಗೆಯೇ ಸಾವಿರಾರು ಜನ ಬಂದಿದ್ದರು. ಅದಾದ ಮೇಲೆ ಅರಣ್ಯ ಇಲಾಖೆ ಚಾರಣವನ್ನೇ ನಿಲ್ಲಿಸಿ, ಮತ್ತೆ ಆನ್‌ಲೈನ್ ಬುಕಿಂಗ್ ಇಟ್ಟು ಬಿಟ್ಟದ್ದು. ಬೆಟ್ಟದ ತುದಿ ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಮೋಡ ಕಾಲ ಕೆಳಗೆ ಇತ್ತು. ಒಂದು ಅರ್ಧ ಗಂಟೆ ನಿಜವಾಗಿಯೂ ಏನೂ ನೆನಪಾಗಲಿಲ್ಲ. ಕೆಳಗೆ ಸುಬ್ರಹ್ಮಣ್ಯಕ್ಕೆ ಬಂದು ಮೊಬೈಲಿಗೆ ನೆಟ್‌ವರ್ಕ್ ಸಿಕ್ಕಿದ ಕೂಡಲೇ ಕ್ಲಾಸ್ ಗ್ರೂಪಿನಲ್ಲಿ ಇಂಟರ್ನಲ್ಸ್ ಮಾರ್ಕಿನ ಪಟ್ಟಿ ಬಂದು ಬಿತ್ತು. ಬೆಟ್ಟದ ಶಾಂತಿ ಬಸ್‌ಸ್ಟ್ಯಾಂಡಿನಲ್ಲೇ ಮುಗಿಯಿತು.

ಎಂ-3 ಹೋಯಿತು. ಮತ್ತೆ ಕಟ್ಟಿದೆ, ಎರಡನೇ ಸಲವೂ ಹೋಯಿತು. ಎರಡನೇ ರಿಸಲ್ಟ್ ಬಂದದ್ದು ಆಗಸ್ಟಿನ ಸುರುವಿಗೆ. ಮೊದಲ ಸಲದ್ದನ್ನು ಮನೆಯಲ್ಲಿ ಹೇಳಿರಲಿಲ್ಲ. ಈ ಸಲ ಹೇಳದೆ ಉಪಾಯವಿರಲಿಲ್ಲ, ಪರೀಕ್ಷೆ ಫೀಸು ಕೇಳಬೇಕಲ್ಲ. ಭಾನುವಾರ ಆಗಸ್ಟ್ 4 ಆಟಿ ಅಮಾವಾಸ್ಯೆ, ಹಾಗಾಗಿ ಶನಿವಾರ ಊರಿಗೆ ಹೋದೆ. ಅದು ಯಾರೂ ಪ್ರವಾಸ ಹೋಗದ ಸಮಯ. ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿಯ ಮೇಲೆ ಬಿದ್ದಿತ್ತು, 30ಕ್ಕೆ ವಯನಾಡಿನಲ್ಲಿ ಊರುಗಳೇ ಕೊಚ್ಚಿ ಹೋಗಿದ್ದವು. ಬಸ್ಸಿನಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ನಮ್ಮ ಮನೆಯ ಹಿಂದೆಯೂ ಗುಡ್ಡ ಉಂಟು. ಅಮ್ಮ ಎರಡು ವಾರದಿಂದ ಹಿಂದಿನ ಕೋಣೆಯಲ್ಲಿ ಯಾರೂ ಮಲಗಬಾರದು ಅಂತ ಹೇಳಿ ಚಾವಡಿಯಲ್ಲೇ ಎಲ್ಲರಿಗೂ ಹಾಸಿಗೆ ಹಾಕುತ್ತಿದ್ದರು.

ಬೆಳಿಗ್ಗೆ ಬೆಳಕಾಗುವ ಮೊದಲೇ ಅಪ್ಪ ಹೋಗಿ ಪಾಲೆ ಮರದ ತೊಗಟೆ ತಂದಿದ್ದರು. ಹಾಲೆ ಮರ ಅಂತಲೂ ಹೇಳ್ತಾರೆ. ಕತ್ತಿ ತಾಗಿಸಬಾರದು, ಕಲ್ಲಿನಿಂದ ಜಜ್ಜಿ ತೆಗೆಯಬೇಕು. ಅದರ ಕಷಾಯ ಖಾಲಿ ಹೊಟ್ಟೆಗೆ, ಆಮೇಲೆ ಮೆಂತೆ ಗಂಜಿ. ಕಷಾಯದ ಕಹಿ ಬಗ್ಗೆ ಬರೆದು ಪ್ರಯೋಜನ ಇಲ್ಲ, ಕುಡಿದವರಿಗೇ ಗೊತ್ತು. (ಒಂದು ಎಚ್ಚರಿಕೆ: ಮರದ ಗುರುತಿಲ್ಲದೆ ಯೂಟ್ಯೂಬ್ ನೋಡಿ ಹೋಗಬೇಡಿ. ಕಾಸರ್ಕನ ತೊಗಟೆ ತಂದು ಕುಡಿದರೆ ಜೀವಕ್ಕೇ ಅಪಾಯ.)

ಮಧ್ಯಾಹ್ನದ ಹೊತ್ತಿಗೆ ಮಳೆ ಬಿಟ್ಟಿತು. ಎಷ್ಟೋ ದಿನದ ಮೇಲೆ ಬಿಸಿಲು. ಅಪ್ಪ ಊಟದಿಂದ ಅರ್ಧಕ್ಕೇ ಎದ್ದರು, "ಮದ್ದು ಬಿಡುವ." ಎರಡನೇ ಸಲದ ಮದ್ದು ಬಿಟ್ಟಾಗಬೇಕಿತ್ತು, ಜುಲೈ ಇಡೀ ಮಳೆ ಬಿಟ್ಟುಕೊಟ್ಟಿರಲಿಲ್ಲ. ತೋಟದಲ್ಲಿ ಮರದ ಬುಡಬುಡದಲ್ಲಿ ಎಳೆಕಾಯಿ ಉದುರಿ ಬಿಳಿ ಬೂಸ್ಟು ಹಿಡಿದು ಬಿದ್ದಿತ್ತು. ಅದೇ ಕೊಳೆ ರೋಗ.

ಮದ್ದು ಅಂದರೆ ಬೋರ್ಡೋ ದ್ರಾವಣ. ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ಸುಣ್ಣದ ನೀರಿಗೆ ಮೈಲುತುತ್ತಿನ ನೀರನ್ನು ನಿಧಾನಕ್ಕೆ ಹೊಯ್ಯಬೇಕು, ತಿರುಗಾಮುರುಗಾ ಮಾಡಬಾರದು. ಫ್ರಾನ್ಸಿನ ಬೋರ್ಡೋದಲ್ಲಿ ದಾರಿಬದಿಯ ದ್ರಾಕ್ಷಿಯನ್ನು ಕಳ್ಳರು ಕೀಳಬಾರದು ಅಂತ ತೋಟದವರು ಹೀಗೆ ನೀಲಿ ಬಳಿಯುತ್ತಿದ್ದರಂತೆ. ಅಂಥ ಬಳ್ಳಿಗೆ ರೋಗ ಬಾರದ್ದನ್ನು ಗಮನಿಸಿ ಮಿಲಾರ್ಡೆ ಎಂಬ ಪ್ರೊಫೆಸರ್ 1885ರಲ್ಲಿ ಅದನ್ನು ಔಷಧಿ ಅಂತ ಪ್ರಕಟಿಸಿದರು. ನಮ್ಮ ಅಡಿಕೆಯ ಕೊಳೆಗೆ ಅದನ್ನು ತಂದದ್ದು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್, 1910ರ ಸುಮಾರಿಗೆ. ನೂರು ವರ್ಷ ದಾಟಿದರೂ ಇವತ್ತಿಗೂ ಅದೇ ಮದ್ದು.

ನಾನು ಕೋಲಿನಲ್ಲಿ ಡ್ರಮ್ ಕಲಕುತ್ತಾ, ಅಪ್ಪ ಹೊಯ್ಯುತ್ತಾ ಇರುವಾಗ ಹೇಳಿಯೇ ಬಿಟ್ಟೆ. "ಅಪ್ಪ, ಗಣಿತ ಹೋಗಿದೆ. ಎರಡನೇ ಸಲ." ಅಪ್ಪ ಹೊಯ್ಯುವುದನ್ನು ನಿಲ್ಲಿಸಲಿಲ್ಲ. ಮುಗಿದ ಮೇಲೆ ಸೊಂಟದ ಕತ್ತಿ ತೆಗೆದು ತುದಿಯನ್ನು ದ್ರಾವಣದಲ್ಲಿ ಅದ್ದಿ, ಸ್ವಲ್ಪ ಹೊತ್ತು ಇಟ್ಟು, ಮೇಲೆತ್ತಿ ಬಿಸಿಲಿಗೆ ಹಿಡಿದು ನೋಡಿದರು. ಕತ್ತಿಗೆ ತಾಮ್ರದ ಕೆಂಪು ಹಿಡಿದಿತ್ತು. ಹಾಗೆ ಹಿಡಿದರೆ ದ್ರಾವಣದಲ್ಲಿ ಹುಳಿ ಹೆಚ್ಚು ಅಂತ ಲೆಕ್ಕ, ಸಿಂಗಾರವೂ ಎಳೆಕಾಯಿಯೂ ಸುಟ್ಟುಹೋಗ್ತದೆ. "ಸುಣ್ಣ ಸಾಲದು, ಇನ್ನೊಂದು ಚೂರು ಹಾಕು" ಅಂದರು. ನಾನು ಹಾಕಿ ಕಲಕಿದೆ. ಮತ್ತೆ ಅದ್ದಿದರು. ಈ ಸಲ ಕತ್ತಿ ಹಾಗೆಯೇ ಇತ್ತು. ಆಮೇಲೆ ಕೇಳಿದರು, "ಮತ್ತೆ ಬರೀಲಿಕ್ಕೆ ಯಾವಾಗ ಆಗ್ತದೆ?"

ಇಷ್ಟೇ ಆದದ್ದು. ಬೈಗುಳ ಇಲ್ಲ, ಬುದ್ಧಿವಾದ ಇಲ್ಲ, ಸೋಲೇ ಗೆಲುವಿನ ಮೆಟ್ಟಿಲು ಇಲ್ಲ. ಅಪ್ಪನ ಗಮನ ಪೂರ್ತಿ ಮೋಡದ ಮೇಲೆ ಇತ್ತು, ಬಿಟ್ಟ ಮದ್ದು ಒಣಗಲು ಒಂದೆರಡು ಗಂಟೆ ಬಿಸಿಲು ಸಿಗಬೇಕಲ್ಲ. ಮದ್ದು ಬಿಡುವ ಅಣ್ಣ ಬಂದರು. ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ನೆಲದಲ್ಲಿ ನಿಂತೇ ಬಿಡಬಹುದು, ಮರ ಹತ್ತುವ ಅಪಾಯ ಇಲ್ಲ. ಸಂಜೆವರೆಗೆ ನಾನು ಡ್ರಮ್ ಕಲಕಿದೆ, ಪೈಪ್ ಎಳೆದೆ. ಕೈಯೆಲ್ಲ ನೀಲಿ. ರಾತ್ರಿ ಮತ್ತೆ ಮಳೆ ಹಿಡಿಯಿತು. ಅಷ್ಟರಲ್ಲಿ ಅರ್ಧ ತೋಟ ಆಗಿತ್ತು. ಕುಮಾರಪರ್ವತದ ತುದಿಯಲ್ಲಿ ಅರ್ಧ ಗಂಟೆ ಸಿಕ್ಕಿದ್ದು ನನಗೆ ಇಲ್ಲಿ ಅರ್ಧ ದಿನ ಸಿಕ್ಕಿತು ಅಂತ ತಿಳಿದದ್ದು ಮಲಗಿದ ಮೇಲೆ. ವ್ಯೂ ಎಂತದೂ ಇರಲಿಲ್ಲ. ತಲೆ ಎತ್ತಿದರೆ ಅಡಿಕೆ ಸೋಗೆ, ಬಗ್ಗಿಸಿದರೆ ಕೆಸರು ಮತ್ತು ಜಿಗಣೆ.

ನನ್ನ ಅಭಿಪ್ರಾಯ ಇಲ್ಲೇ ಉಂಟು, ನೀವು ಒಪ್ಪಬೇಕಾಗಿಲ್ಲ. ನಾವು "ನೇಚರ್ ಹೀಲ್ಸ್" ಅಂತ ಸ್ಟೇಟಸ್ ಹಾಕಿ ಹುಡುಕಿಕೊಂಡು ಹೋಗುವ ಶಾಂತಿ ದೃಶ್ಯದಲ್ಲಿ ಇಲ್ಲ. ಬೆಟ್ಟವನ್ನು ನೋಡುವುದರಿಂದ ಬರುವುದು ಬೆಟ್ಟ ಕಾಣುವವರೆಗೆ ಮಾತ್ರ. ನಮ್ಮ ಊರಿನವರಿಗೆ ಅಷ್ಟೋ ಇಷ್ಟೋ ಸಮಾಧಾನ ಇದ್ದರೆ ಅದು ಬಂದದ್ದು ಕಾಲದ ಒಂದು ಕಟ್ಟಳೆಯಿಂದ. ಯಾವ ಕೆಲಸ ಯಾವಾಗ, ಮತ್ತು ಯಾವಾಗ ಏನನ್ನೂ ಮಾಡಬಾರದು ಅನ್ನುವುದು ಅದರಲ್ಲಿ ಬರೆದಿರ್ತದೆ. ಹೊಸಮಠದ ಸೇತುವೆಯ ಹಾಗೆ, ನಿಲ್ಲುವುದೂ ಡಿಸೈನಿನ ಒಳಗೇ ಇರ್ತದೆ.

ಉದಾಹರಣೆಗೆ ಪತ್ತನಾಜೆ. ತುಳು ಬೇಶ ತಿಂಗಳ ಹತ್ತನೇ ದಿನ, ಅಂದರೆ ಮೇ 24ರ ಆಸುಪಾಸು. ಆ ದಿನಕ್ಕೆ ಕೋಲ, ನೇಮ, ಜಾತ್ರೆ ಎಲ್ಲ ಮುಗಿಯಬೇಕು. ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ಮತ್ತೆ ಎಲ್ಲ ಸುರುವಾಗುವುದು ದೀಪಾವಳಿಯ ಹೊತ್ತಿಗೆ. (ಈಗ ಮಳೆಗಾಲದಲ್ಲೂ ಸಭಾಭವನಗಳಲ್ಲಿ ಆಟ ಇರ್ತದೆ, ಅದು ಬೇರೆ ವಿಷಯ.) ಆರು ತಿಂಗಳು ಬೆಳಗಿನ ತನಕ ಕುಣಿದ ಕಾಲಿಗೆ ರಜೆ ಬೇಕು ಅಂತ ಯಾರೋ ಎಂದೋ ತೀರ್ಮಾನಿಸಿ, ಅದನ್ನು ದೈವದೇವರ ಲೆಕ್ಕಕ್ಕೆ ಬರೆದಿಟ್ಟರು, ಯಾರೂ ಮುರಿಯಬಾರದು ಅಂತ. ಫೆಬ್ರವರಿಯಲ್ಲಿ ಕೆಡ್ಡಸ ಬರ್ತದೆ. ಭೂಮಿ ಮುಟ್ಟಾಗುವ ದಿನಗಳು ಅಂತ ನಂಬಿಕೆ. ಆಗ ಉಳುವ ಹಾಗಿಲ್ಲ, ಅಗೆಯುವ ಹಾಗಿಲ್ಲ, ಹಸಿ ಮರ ಕಡಿಯುವ ಹಾಗಿಲ್ಲ. ನನ್ನೆರಿ ತಿನ್ನುವುದು, ಭೂಮಿಗೆ ಎಣ್ಣೆ ಬಿಡುವುದು. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನನಗೆ ಅದರಲ್ಲಿ ಕಾಣುವುದು ಇಷ್ಟು: ಭೂಮಿಗೂ ರಜೆ ಕೊಟ್ಟವರು ಹಾರೆ ಹಿಡಿದವನಿಗೂ ಕೊಟ್ಟರು, ಅವನು ಯಾರ ಹತ್ತಿರವೂ ಕೇಳದೆ.

ನಮ್ಮ ಸೆಮಿಸ್ಟರಿಗೆ ಪತ್ತನಾಜೆ ಇಲ್ಲ. ಇಂಟರ್ನಲ್ಸ್, ಲ್ಯಾಬ್, ರೆಕಾರ್ಡ್, ಎಕ್ಸಾಮ್, ಎಕ್ಸಾಮ್ ಮುಗಿದ ಮರುದಿನವೇ ಇಂಟರ್ನ್‌ಶಿಪ್, ಅದರ ಮಧ್ಯೆ ಲಿಂಕ್ಡ್‌ಇನ್‌ನಲ್ಲಿ ಯಾರೋ ಸರ್ಟಿಫಿಕೇಟ್ ಹಾಕಿರ್ತಾರೆ. ಒಬ್ಬ ನಿಂತರೆ ಅವನೊಬ್ಬನೇ ನಿಂತ ಹಾಗೆ, ಉಳಿದವರೆಲ್ಲ ಓಡುತ್ತಿರುವ ಹಾಗೆ ಕಾಣ್ತದೆ. ರಜೆ ಬಂದರೂ ನಿಲ್ಲಲು ಭಯ. ಹಾಸ್ಟೆಲಿನಲ್ಲಿ ರಾತ್ರಿ ಎರಡು ಗಂಟೆಗೆ ಎದ್ದು ಕೂತವರಲ್ಲಿ ಎಷ್ಟು ಜನ ಓದ್ತಾ ಇರ್ತಾರೆ, ಎಷ್ಟು ಜನ ಸುಮ್ಮನೆ ಹೆದರಿ ಕೂತಿರ್ತಾರೆ ಅಂತ ನಮಗೆಲ್ಲ ಗೊತ್ತು. ಈ ಹೆದರಿಕೆಗೆ ಒಂದು ವೀಕೆಂಡ್ ಟ್ರೆಕ್ ಮದ್ದಲ್ಲ. ಟ್ರೆಕ್ಕಿಗೂ ಟಾರ್ಗೆಟ್ ಇಟ್ಟುಕೊಂಡು ಹೋಗುವವರು ನಾವು.

ಇದನ್ನೆಲ್ಲ ನಾನು ಅಜ್ಜಿಯ ಹತ್ತಿರ ಹೇಳಿದಾಗ ಅವರು ನಕ್ಕುಬಿಟ್ಟರು. ಕಳೆದ ವರ್ಷ ನಮ್ಮ ಕಾಲೇಜಿನಲ್ಲಿ "ಆಟಿಡೊಂಜಿ ದಿನ" ಮಾಡಿದ್ದೆವಲ್ಲ, ಪತ್ರೊಡೆ, ತಜಂಕಿನ ಅಂಬಡೆ, ಹಲಸಿನ ಬೀಜದ ಪಾಯಸ ಎಲ್ಲ ಇಟ್ಟು. ಅದರ ಫೋಟೊ ತೋರಿಸಿದೆ. "ಇಷ್ಟೆಲ್ಲ ತಿನ್ನಲಿಕ್ಕೆ ಇದ್ದಿದ್ದರೆ ಅದನ್ನು ಆಟಿ ಅಂತ ಯಾಕೆ ಹೇಳ್ತಿದ್ದರು ಮಗಾ" ಅಂದರು. ಅವರ ಆಟಿ ಅಂದರೆ ಅಕ್ಕಿ ಮುಗಿದ ತಿಂಗಳು. ಗದ್ದೆ ಕೆಲಸ ಮುಗಿದಿದೆ, ಕೂಲಿ ಇಲ್ಲ, ಹೊಳೆ ತುಂಬಿ ಪೇಟೆಗೆ ದಾರಿ ಇಲ್ಲ. ಗುಡ್ಡೆಯ ಸೊಪ್ಪು, ಉಪ್ಪು ನೀರಲ್ಲಿ ಹಾಕಿಟ್ಟ ಹಲಸಿನ ಸೊಳೆ, ಅದೇ ಊಟ. ಆಟಿ ಕಳೆಂಜ ಮನೆ ಮನೆಗೆ ಬಂದದ್ದು ಮಾರಿ ಓಡಿಸ್ಲಿಕ್ಕೆ, ಕಾಯಿಲೆ ಇದ್ದದ್ದರಿಂದ. ಅಜ್ಜಿಯ ಮಾತು ಕೇಳಿದ ಮೇಲೆ ನನ್ನ ಸಿದ್ಧಾಂತಕ್ಕೆ ಸ್ವಲ್ಪ ಸುಣ್ಣ ಸಾಲದೆ ಬಂತು. ನಿಲ್ಲುವುದು ಹೊಟ್ಟೆ ತುಂಬಿದವರಿಗೆ ಒಂದು ಥರ, ಇಲ್ಲದವರಿಗೆ ಬೇರೆ ಥರ. ಅದನ್ನು ಮರೆತು "ಹಿರಿಯರ ಜೀವನಶೈಲಿ" ಅಂತ ಹೊಗಳುವುದು ನಮ್ಮಂಥವರಿಗೆ ಸುಲಭ.

ಇನ್ನೊಂದು ತೊಡಕೂ ಉಂಟು. ಆ ಕಟ್ಟಳೆಯ ಕಾಲವೇ ಈಗ ಅಲುಗಾಡ್ತಾ ಉಂಟು. ಪತ್ತನಾಜೆಗೆ ಹತ್ತು ಹನಿ ಮಳೆ ಅಂತ ನಮ್ಮಲ್ಲಿ ಗಾದೆ. 2025ರಲ್ಲಿ ಕೇರಳಕ್ಕೆ ಮುಂಗಾರು ಬಂದದ್ದು ಮೇ 24ಕ್ಕೆ, ಜೂನ್ 1ರ ವಾಡಿಕೆಗಿಂತ ಎಂಟು ದಿನ ಮೊದಲು. 2009ರ ನಂತರ ಅಷ್ಟು ಬೇಗ ಬಂದದ್ದು ಅದೇ ಮೊದಲು. ಹತ್ತು ಹನಿ ಅಲ್ಲ, ಪತ್ತನಾಜೆಗೆ ಪೂರ್ತಿ ಮಳೆಗಾಲವೇ ಬಂದುಬಿಟ್ಟಿತು. ಮಳೆ ಹಿಡಿಯುವ ಮೊದಲೇ ಮೊದಲನೇ ಮದ್ದು ಬಿಡಬೇಕು, ನಮ್ಮ ತೋಟದಲ್ಲಿ ಆ ಸಲ ಸುಣ್ಣವನ್ನೇ ತಂದಿರಲಿಲ್ಲ. ಅದಕ್ಕೆ ಎರಡು ವರ್ಷ ಹಿಂದೆ, 2023ರ ಆಗಸ್ಟ್, ದೇಶದಲ್ಲಿ 1901ರಿಂದ ಈಚೆಗಿನ ಅತಿ ಒಣ ಆಗಸ್ಟ್ ಆಗಿತ್ತು. ಅದೇ ವರ್ಷದ ಫೆಬ್ರವರಿಯಲ್ಲಿ ಕಡಬ ಹತ್ತಿರ ರೆಂಜಿಲಾಡಿಯಲ್ಲಿ ಕಾಡಾನೆ ಇಬ್ಬರನ್ನು ಕೊಂದಿತು. ಆನೆಯ ದಾರಿಯೂ ಮೊದಲಿನ ಹಾಗೆ ಉಳಿದಿಲ್ಲ. ಹೊಳೆ ಮೊದಲೂ ಸಾಧು ಆಗಿರಲಿಲ್ಲ. 1923ರ ನೆರೆಯನ್ನು ಇಲ್ಲಿನವರು ಇವತ್ತಿಗೂ ಮಾರಿ ಬೊಳ್ಳ ಅಂತಾರೆ, 1974ರದ್ದನ್ನು ಕಣ್ಣಾರೆ ಕಂಡವರು ಈಗಲೂ ಇದ್ದಾರೆ. ಪ್ರಕೃತಿ ಶಾಂತ ಅನ್ನುವುದು ಸಂಜೆ ವಾಪಸ್ ಹೋಗುವ ಬಸ್ಸಿಗೆ ಟಿಕೆಟ್ ಮಾಡಿಸಿದವರ ಮಾತು.

ಹಾಗಾದರೆ ಈಗ ಏನು ಆಧಾರ? ಅಪ್ಪನ ಉತ್ತರ ಒಂದು ಡೈರಿ. ನಮ್ಮ ಕಡೆ ಕೆಲವು ಕೃಷಿಕರು ಅಂಗಳದಲ್ಲಿ ಮಳೆಮಾಪಕ ಇಟ್ಟು ಎಷ್ಟೋ ವರ್ಷದಿಂದ ದಿನಾ ಬೆಳಿಗ್ಗೆ ಮಳೆ ಅಳೆದು ಬರೆದಿಡ್ತಾರೆ. ಅಪ್ಪನೂ ಅವರಲ್ಲಿ ಒಬ್ಬರು. ಗಾದೆ ಕೈಕೊಟ್ಟರೆ ಲೆಕ್ಕ ನೋಡುವುದು. ಈ ದಸರಾ ರಜೆಯಲ್ಲಿ ನಾನು ಆ ಡೈರಿಗಳನ್ನು ಎಕ್ಸೆಲ್‌ಗೆ ಹಾಕಲು ಕೂತೆ. ಎಡಬದಿಯಲ್ಲಿ ಮಿಲಿಮೀಟರು, ಬಲಬದಿಯಲ್ಲಿ ಒಂದೋ ಎರಡೋ ಸಾಲು. ದನ ಕರು ಹಾಕಿತು. ಸೊಸೈಟಿಗೆ ಸಾಲ ಕಟ್ಟಿದೆ. ಅಜ್ಜ ತೀರಿಹೋದರು. ಯಾವ ಸಾಲೂ ಇನ್ನೊಂದಕ್ಕಿಂತ ದೊಡ್ಡ ಅಕ್ಷರದಲ್ಲಿ ಇಲ್ಲ. 2024ರ ಆಗಸ್ಟ್ 4 ಹುಡುಕಿದೆ, ಕೈ ಸ್ವಲ್ಪ ನಡುಗ್ತಿತ್ತು. "ಬೆಳಿಗ್ಗೆ ಜಡಿಮಳೆ. ಮಧ್ಯಾಹ್ನ ಬಿಸಿಲು. ಆರು ಡ್ರಮ್ ಮದ್ದು ಆಯಿತು. ಮಗ ಬಂದಿದ್ದ." ಗಣಿತದ ಸುದ್ದಿಯೇ ಇಲ್ಲ. ಮುಂದಿನ ವರ್ಷ ನಾನು ಅದನ್ನು ಪಾಸು ಮಾಡಿದ ದಿನವನ್ನೂ ಹುಡುಕಿದೆ. ಅದೂ ಇಲ್ಲ. ಆ ದಿನ ಪಂಪಿನ ವಾಶರ್ ಬದಲಿಸಿದ್ದರು.

ಶಿವರಾಮ ಕಾರಂತರ "ಬೆಟ್ಟದ ಜೀವ" ನೀವು ಓದಿರಬಹುದು, ಇಲ್ಲದಿದ್ದರೆ ಸಿನಿಮಾ ನೋಡಿರಬಹುದು. 1943ರಲ್ಲಿ ಬಂದ ಕಾದಂಬರಿ, ಕತೆ ನಡೆಯುವುದು ನಮ್ಮ ಇದೇ ಬೆಟ್ಟಗಳ ಬುಡದಲ್ಲಿ. ಅದನ್ನು ಬರೆದವರೂ ಆಗ ಪುತ್ತೂರಿನಲ್ಲೇ ಇದ್ದವರು. ಕಾಡಿನ ನಡುವೆ ತೋಟ ಮಾಡಿದ ಗೋಪಾಲಯ್ಯ, ಮನೆ ಬಿಟ್ಟು ಹೋದ ಮಗ. ಎಲ್ಲರೂ ಗೋಪಾಲಯ್ಯನ ಬಗ್ಗೆಯೇ ಮಾತಾಡ್ತಾರೆ. ನನಗೆ ಓದುವಾಗ ತಲೆಯಲ್ಲಿ ಸುತ್ತಿದ್ದು ಆ ಮಗ. ನಾವು ಇಲ್ಲಿ ಕೂತವರು ಹೆಚ್ಚಿನವರು ಅವನೇ ಅಲ್ವಾ? ಪ್ಲೇಸ್‌ಮೆಂಟ್ ಆದರೆ ನಾನು ಬೆಂಗಳೂರಿಗೆ ಹೋಗ್ತೇನೆ, ಅದರಲ್ಲಿ ಮುಚ್ಚುಮರೆ ಇಲ್ಲ. ತೋಟ ಏನಾಗ್ತದೆ ಅಂತ ಅಪ್ಪ ಇದುವರೆಗೆ ಕೇಳಿಲ್ಲ, ನಾನು ಹೇಳಿಲ್ಲ. ಆದರೆ ಪರೀಕ್ಷೆ ಹೋದಾಗ ತಿರುಗಿ ಹೋಗಲು ಒಂದು ಆಟಿ ನನಗಿತ್ತು. ಅದು ಇಲ್ಲದೆ, ಬರೀ ವೀಕೆಂಡಿನ ಬೆಟ್ಟಗಳನ್ನು ಇಟ್ಟುಕೊಂಡು ನನ್ನ ನಂತರದವರು ಹೇಗೆ ಸುಧಾರಿಸ್ತಾರೆ ಅಂತ ಯೋಚನೆ ಆಗ್ತದೆ.

ಕೊನೆಗೆ ಒಂದು ಕೆಲಸದ ವಿಷಯ, ಇದಕ್ಕಾಗಿಯೇ ಸಂಪಾದಕರ ಹತ್ತಿರ ಜಾಗ ಕೇಳಿದ್ದು. ನಮ್ಮ ಮನೆಯ ಕೆಳಗಿನ ತೋಡಿಗೆ ಒಂದು ಕಿಂಡಿ ಅಣೆಕಟ್ಟು ಉಂಟು. ಮಳೆ ಕಡಿಮೆಯಾಗಿ ತೋಡಿನ ನೀರು ಇಳಿದ ಮೇಲೆ ಅದರ ಕಿಂಡಿಗಳಿಗೆ ಎರಡು ಸಾಲು ಹಲಗೆ ಇಳಿಸಿ, ನಡುವೆ ಮಣ್ಣು ತುಂಬಿ ತುಳಿಯಬೇಕು. ಹಾಗೆ ಮಾಡಿದರೆ ಬೇಸಿಗೆಯಲ್ಲಿ ಸುತ್ತಿನ ಬಾವಿಗಳಲ್ಲಿ ನೀರು ನಿಲ್ತದೆ. ಮೇ ತಿಂಗಳಲ್ಲಿ ಮಳೆಗೆ ಮೊದಲು ಹಲಗೆ ತೆಗೆಯಲೇಬೇಕು, ಇಲ್ಲದಿದ್ದರೆ ನೆರೆಯಲ್ಲಿ ಬಂದ ಮರ ಸಿಕ್ಕಿ ತೋಡು ತೋಟಕ್ಕೇ ನುಗ್ಗುತ್ತದೆ. ಇದಕ್ಕೂ ಮೊದಲು ಕಲ್ಲು ಮಣ್ಣಿನ ಕಟ್ಟ ಕಟ್ಟುತ್ತಿದ್ದರು, ಮೊದಲ ಮಳೆಗೆ ಕೊಚ್ಚಿ ಹೋಗ್ತಿತ್ತು, ಮರುವರ್ಷ ಮತ್ತೆ ಕಟ್ಟುತ್ತಿದ್ದರು. ಕಾಸರಗೋಡಿನ ಏತಡ್ಕದಲ್ಲಿ ಈಗಲೂ ಹಾಗೆ ಕಟ್ಟುವವರಿದ್ದಾರೆ. ಪುತ್ತೂರಿನಿಂದ ಬರುವ "ಅಡಿಕೆ ಪತ್ರಿಕೆ"ಯ ಶ್ರೀ ಪಡ್ರೆಯವರು ಕಟ್ಟಗಳ ಬಗ್ಗೆ ತುಂಬ ಬರೆದಿದ್ದಾರೆ, ಆಸಕ್ತಿ ಇದ್ದವರು ಹುಡುಕಿ ಓದಿ. ನನ್ನ ಹುಬ್ಬಳ್ಳಿಯ ಗೆಳೆಯ, "ಪ್ರತಿ ವರ್ಷ ಹಾಕಿ ತೆಗಿಯೋದು ಯಾಕ, ಪರ್ಮನೆಂಟ್ ಗೇಟ್ ಹಾಕ್ಸ್ರಿ" ಅಂದ. ಹಾಕಿಸಬಹುದು. ಅದಕ್ಕೂ ಯಾವಾಗ ಹಾಕಬೇಕು ಯಾವಾಗ ಎತ್ತಬೇಕು ಅಂತ ಗೊತ್ತಿರುವವರು ಒಬ್ಬರು ಊರಲ್ಲಿ ಇರಬೇಕಲ್ಲ.

ಈಗ ಸಮಸ್ಯೆ ಜನರದ್ದು. ಹಲಗೆ ಹೊರುತ್ತಿದ್ದ ಮನೆಗಳ ಹುಡುಗರೆಲ್ಲ ನನ್ನ ಹಾಗೆ ಹೊರಗಿದ್ದಾರೆ. ಡಿಸೆಂಬರಿನ ಮೊದಲ ಭಾನುವಾರ ಹಲಗೆ ಹಾಕುವುದು ಅಂತ ಇಟ್ಟುಕೊಂಡಿದ್ದೇವೆ. ಎಂಟು ಹತ್ತು ಜನ ಸಿಕ್ಕಿದರೆ ಮಧ್ಯಾಹ್ನದೊಳಗೆ ಮುಗೀತದೆ. ಸಿವಿಲ್‌ನವರೇ ಆಗಬೇಕು ಅಂತ ಇಲ್ಲ, ಕಂಪ್ಯೂಟರ್ ಸೈನ್ಸ್‌ನವರೂ ಮಣ್ಣು ತುಳಿಯಬಹುದು. ಶನಿವಾರ ಸಂಜೆ ಹೊರಟರೆ ಸಾಕು, ಮಲಗ್ಲಿಕ್ಕೆ ಚಾವಡಿ ಉಂಟು. ಕೆಸರಾದರೂ ಬೇಜಾರಿಲ್ಲದ ಒಂದು ಜೊತೆ ಬಟ್ಟೆ ತನ್ನಿ. ತೋಡಿನ ಹತ್ತಿರ ಮೊಬೈಲ್ ನೆಟ್‌ವರ್ಕ್ ಇರುವುದಿಲ್ಲ, ಮನೆಯಲ್ಲಿ ಮೊದಲೇ ಹೇಳಿ ಬನ್ನಿ. ಊಟ ಅಮ್ಮನದ್ದು. ಹಲಸಿನ ಹಣ್ಣು ಸಿಗುವುದಿಲ್ಲ, ಅದು ಬೇಕಾದವರು ಹಲಗೆ ತೆಗೆಯಲು ಮೇ ತಿಂಗಳಲ್ಲಿ ಇನ್ನೊಮ್ಮೆ ಬರಬೇಕು.